ಚಕ್ರ, ವೈಪರು, ಬಾಗಿಲು: ಮೈ ತಿರುಗುವ ಮೂರು ದಾರಿ

ಕೈಕಾಲು ಸರಿಮಾಡುವ ಕೆಲಸಕ್ಕೆ ಇಳಿದವರಿಗೆ ನಗುವ ಪ್ರಸಂಗಗಳು ತಾವಾಗಿಯೇ ಒದಗುತ್ತಿರುತ್ತವೆ. ಆದರೆ ಒದಗಿದ ಹೊತ್ತಿನಲ್ಲಿ ನಗುವ ಹಾಗಿರುವುದಿಲ್ಲ. ಎದುರಿಗೆ ಕೂತವರಿಗೆ ನೋವಿರುತ್ತದೆ, ಅವರ ಹಿಂದೆ ನಿಂತ ಮನೆಯವರಿಗೆ ಭಯವಿರುತ್ತದೆ. ನಾನು ಅಲ್ಲೆಲ್ಲ ಗಂಭೀರವಾಗಿಯೇ ಇದ್ದೆ. ನಗು ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ, ಒಬ್ಬಳೇ ಕೂತಿದ್ದಾಗ.

ತೊಂಬತ್ತರ ದಶಕದಲ್ಲಿ ಫಿಸಿಯೋಥೆರಪಿ ಓದಿ ಮುಗಿಸಿ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ, ಗುರುವಾರ ನಾಗಮಂಗಲ. ಒಂದು ಹಳೇ ಜೀಪು, ಅದಕ್ಕೆ ಐವತ್ತು ದಾಟಿದ ಒಬ್ಬ ಡ್ರೈವರು, ಒಂದು ಮಡಿಸುವ ಮಂಚ, ಕೀಲು ಎಷ್ಟು ಬಾಗುತ್ತದೆ ಎಂದು ಅಳೆಯುವ ಒಂದು ಕೋನಮಾಪಕ. ಇಷ್ಟೇ ನಮ್ಮ ಆಸ್ತಿ. ಫಿಸಿಯೋಥೆರಪಿ ಅನ್ನುವ ಮಾತು ಅಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ನಾನು ಎಲ್ಲರಿಗೂ ಡಾಕ್ಟ್ರವ್ವ ಆದೆ.

ಜೀಪಿನ ಪಾಠ

ಕಾಲೇಜಿನಲ್ಲಿ ನಮಗೆ ಮೊದಲು ಕಲಿಸಿದ್ದು ಮೈಯ ಮೂರು ಸಮತಲಗಳನ್ನು. ನಿಂತ ಮನುಷ್ಯನ ಮೈಯೊಳಗೆ ಮೂರು ಗಾಜಿನ ಹಾಳೆಗಳನ್ನು ಊಹಿಸಿಕೊಳ್ಳಬೇಕು. ಒಂದು ಮೈಯನ್ನು ಎಡ ಬಲವಾಗಿ ಸೀಳುತ್ತದೆ, ಇನ್ನೊಂದು ಮುಂದೆ ಹಿಂದೆಯಾಗಿ, ಮತ್ತೊಂದು ಸೊಂಟದ ಹತ್ತಿರ ಅಡ್ಡಲಾಗಿ. ನಾವು ಮಾಡುವ ಚಲನೆಯೆಲ್ಲ ಇವುಗಳಲ್ಲಿ ಒಂದರ ಉದ್ದಕ್ಕೋ ಎರಡು ಮೂರು ಕೂಡಿಯೋ ನಡೆಯುತ್ತದೆ. ಪ್ರತಿ ಸಮತಲಕ್ಕೂ ಒಂದು ಅಕ್ಷ, ಅಂದರೆ ಅಚ್ಚು, ಇರುತ್ತದೆ. ಈ ಪಾಠ ನನಗೆ ಬಹಳ ಇಷ್ಟವಾಗಿತ್ತು. ರೋಗಿಗಳಿಗೂ ಇದು ತಿಳಿದರೆ ವ್ಯಾಯಾಮ ಸರಿಯಾಗಿ ಮಾಡುತ್ತಾರೆ ಎಂದು ನಂಬಿದ್ದೆ.

ಶ್ರೀರಂಗಪಟ್ಟಣದಲ್ಲಿ ಮೊದಲ ಸೋಮವಾರ ಒಂದು ಛತ್ರದ ಜಗುಲಿಯ ಮೇಲೆ ಎಂಟು ಜನ ಕೂತಿದ್ದರು. ನಿಮ್ಮ ಮೈಯನ್ನು ಮೂರು ಗಾಜಿನ ಹಾಳೆ ಮೂರು ಕಡೆಯಿಂದ ಕತ್ತರಿಸಿದ ಹಾಗೆ ಅಂದುಕೊಳ್ಳಿ ಎಂದು ಶುರುಮಾಡಿದೆ. ಸೊಂಟದ ಹತ್ತಿರಕ್ಕೆ ಬರುವ ಹೊತ್ತಿಗೆ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ಹೊರಟರು. ಹಿಂದೆಯೇ ಇನ್ನಿಬ್ಬರು ಹೋದರು. ಗೇಟಿನ ಹತ್ತಿರ ಅಜ್ಜಿ ಒಳಗೆ ಬರುತ್ತಿದ್ದವರಿಗೆ, ಗಾಜಿನಲ್ಲಿ ಮೂರು ಕಡೆ ಕುಯ್ತಾರಂತೆ, ನೀವೂ ಓಗ್ಬೇಡಿ ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.

ನನ್ನ ಮುಖ ನೋಡಿ ಡ್ರೈವರಣ್ಣನಿಗೆ ಪಾಪ ಅನ್ನಿಸಿರಬೇಕು. ಜೀಪಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ಈ ಪಾಠವನ್ನು ಬಾಯಿಪಾಠ ಮಾಡಿಕೊಂಡದ್ದನ್ನು ಆತ ಕೇಳಿಸಿಕೊಂಡಿದ್ದ. ಹೋಗಿ ಅಜ್ಜಿಯನ್ನೂ ಉಳಿದವರನ್ನೂ ವಾಪಸು ಕರೆತಂದು, ಎಲ್ಲರನ್ನೂ ಜೀಪಿನ ಸುತ್ತ ನಿಲ್ಲಿಸಿದ. ಚಕ್ರದ ಅಚ್ಚು ಎಡದಿಂದ ಬಲಕ್ಕೆ ಇದೆ, ಅದಕ್ಕೇ ಚಕ್ರ ಮುಂದಕ್ಕೂ ಹಿಂದಕ್ಕೂ ಉರುಳುತ್ತದೆ, ನಾವು ಕೈ ಬೀಸಿಕೊಂಡು ನಡೆಯುವುದು ಹಾಗೇ ಎಂದ. ಬಾಗಿಲ ಕೀಲು ನೆಟ್ಟಗೆ ನಿಂತಿದೆ, ಅದಕ್ಕೇ ಬಾಗಿಲು ಸುತ್ತಿ ತೆರೆದುಕೊಳ್ಳುತ್ತದೆ, ನಾವು ಕತ್ತು ತಿರುಗಿಸುವುದು ಹಾಗೆ ಎಂದ. ವೈಪರಿನ ಗೂಟ ಮುಂದಕ್ಕೆ ಚಾಚಿದೆ, ಅದಕ್ಕೇ ಕಡ್ಡಿ ಪಕ್ಕಕ್ಕೆ ಏಳುತ್ತದೆ, ಕೈಯನ್ನು ಪಕ್ಕಕ್ಕೆ ಎತ್ತುವುದು ಹೀಗೆ ಎಂದು ವೈಪರು ಹಾಕಿದ. ಕಡ್ಡಿ ಕಿರಗುಟ್ಟುತ್ತ ಅರ್ಧಕ್ಕೆ ಎದ್ದು ಅಲ್ಲೇ ನಿಂತುಬಿಟ್ಟಿತು. ಡ್ರೈವರಣ್ಣ ಎರಡು ಸಲ ತಟ್ಟಿದ, ಕೈಯಲ್ಲಿ ನೂಕಿದ. ಅದು ಮೇಲೆ ಹೋಗಲಿಲ್ಲ.

ಅಲ್ಲಿಯವರೆಗೆ ಎಲ್ಲರ ಹಿಂದೆ ನಿಂತಿದ್ದ ಕಿರಂಗೂರಿನ ರೈತರೊಬ್ಬರು ಮುಂದೆ ಬಂದು, ಆ ವೈಪರನ್ನು ಮುಟ್ಟಿ ನೋಡಿ, ನನ್ನ ಕಡೆ ತಿರುಗಿದರು.

"ಇದೇ ಕಣವ್ವ ನಂಗಾಗಿರೋದು."

ಗೋಡೆಯ ಮೇಲಿನ ಇದ್ದಿಲ ಗೆರೆ

ಅವರು ಹೇಳಿದ್ದು ಸರಿಯಾಗಿತ್ತು. ಅವರ ಬಲಭುಜ ಬಿಗಿದುಕೊಂಡಿತ್ತು. ಕೈ ಮುಂದಕ್ಕೆ ಎದೆಮಟ್ಟ ಬರುತ್ತಿತ್ತು, ಪಕ್ಕಕ್ಕೆ ಎತ್ತಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಕಬ್ಬು ಕಡಿಯುವ ಕಾಲ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿದ್ದು ರುಮಾಲು. ನಾಲ್ಕು ತಿಂಗಳಿಂದ ಹೆಂಡತಿ ಕೈಯಲ್ಲಿ ರುಮಾಲು ಸುತ್ತಿಸಿಕೊಂಡು ಊರೊಳಗೆ ಬರುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದರು.

ಗೋಡೆಗೆ ಪಕ್ಕವಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ, ಎಲ್ಲಿಗೆ ನಿಂತಿತೋ ಅಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆಯಿರಿ, ದಿನವೂ ಗೆರೆ ಒಂದಿಷ್ಟು ಮೇಲೆ ಹೋಗಬೇಕು ಎಂದು ಹೇಳಿಕೊಟ್ಟೆ. ಮುಂದಿನ ವಾರ ಗೆರೆ ನಾಲ್ಕು ಬೆರಳು ಮೇಲೆ ಹೋಗಿದೆ ಎಂದರು. ಅದರ ಮುಂದಿನ ವಾರ ಒಂದು ಗೇಣು. ಆದರೆ ನಾನು ಕೋನಮಾಪಕ ಇಟ್ಟು ಅಳೆದರೆ ಭುಜ ಮೊದಲಿದ್ದಲ್ಲೇ ಇತ್ತು. ನನ್ನ ಅಳತೆಯ ಮೇಲೆ ನನಗೇ ಅನುಮಾನ ಬಂತು. ಆರನೆಯ ವಾರ ಜೀಪು ತೆಗೆಸಿಕೊಂಡು ಕಿರಂಗೂರಿಗೆ ಅವರ ಮನೆಗೇ ಹೋದೆ.

ನಡುಮನೆಯ ಸುಣ್ಣದ ಗೋಡೆಯ ಮೇಲೆ ಗೆರೆಗಳು ಏಣಿಯ ಹಾಗೆ ಏರಿದ್ದವು. ಕೊನೆಯ ಗೆರೆ ಬಾಗಿಲವಾಡಕ್ಕಿಂತ ಮೇಲಿತ್ತು. ಭುಜ ಸರಿಯಿದ್ದ ನನಗೂ ಡ್ರೈವರಣ್ಣನಿಗೂ ಅದು ಎಟುಕಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡಿದರು. ಆಮೇಲೆ ತಿಳಿಯಿತು, ಗೆರೆ ಎಳೆಯುತ್ತಿದ್ದುದು ಎಡಗೈ. ಇತ್ತೀಚೆಗೆ ಅದಕ್ಕೂ ಎಟುಕದೆ ಮಣೆ ಹಾಕಿಕೊಳ್ಳುತ್ತಿದ್ದರಂತೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಅಷ್ಟು ದೂರದಿಂದ ಬತ್ತೀಯ ಕಣವ್ವ. ವಾಸಿ ಆಗ್ಲಿಲ್ಲ ಅಂದ್ರೆ ನಿಂಗೆ ಬೇಜಾರಾಯ್ತದೆ ಅಂತ."

ಆವತ್ತಿನಿಂದ ಗೆರೆ ಎಳೆಯುವ ಕೆಲಸ ಅವರ ಹೆಂಡತಿಯದಾಯಿತು. ನಿಜವಾದ ಗೆರೆ ಬಲು ನಿಧಾನವಾಗಿ, ಒಂದೊಂದು ಬೆರಳಗಲ ಏರಿತು. ಕಬ್ಬು ಕಡಿಯುವುದಕ್ಕೆ ಆ ವರ್ಷ ಆಗಲಿಲ್ಲ. ಎಂಟು ತಿಂಗಳ ಮೇಲೆ ಒಂದು ಸೋಮವಾರ ಅವರೇ ಸುತ್ತಿಕೊಂಡ ರುಮಾಲಿನಲ್ಲಿ ಬಂದರು. ಅದು ಒಂದು ಕಡೆ ಓರೆಯಾಗಿತ್ತು.

ಆದರೆ ಗೆರೆ ನೋಡಲು ಅವರ ಮನೆಗೆ ಹೋಗಿದ್ದ ಆ ದಿನ, ನಾವು ಹೊರಡುವಾಗ, ಅವರ ಹೆಂಡತಿ ಗೋಡೆಯನ್ನೇ ನೋಡುತ್ತ ಹೇಳಿದ ಮಾತು ಇವತ್ತಿಗೂ ನೆನಪಿದೆ.

"ನೀವು ಇವತ್ತು ಬಂದಿದ್ದು ಒಳ್ಳೇದಾಯ್ತು ಕಣವ್ವ. ಇನ್ನೊಂದು ವಾರ ಬುಟ್ಟಿದ್ರೆ ಎಂಚು ತಗ್ದು ಸೂರಿನ್ ಮ್ಯಾಲೆ ಬರೀತಿದ್ರು."

ಎದುರು ನಿಂತ ತಪ್ಪು

ಪಾಂಡವಪುರದಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸೋತಿದ್ದವು. ಕಾಲು ಸುಮಾರಾಗಿ ಬಂದಿತ್ತು, ಕೈ ಮಾತ್ರ ಜೋತುಬಿದ್ದಿತ್ತು. ಮೂವತ್ತು ವರ್ಷ ಅದೇ ಎಡಗೈಯಲ್ಲಿ ಕಂಬಿ ಹಿಡಿದು ನಿಂತು ಬಲಗೈಯಲ್ಲಿ ಟಿಕೆಟ್ಟು ಹರಿದವರು. ಬಹಳ ಶಿಸ್ತಿನ ಮನುಷ್ಯ. ಹೇಳಿದ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸುವವರಲ್ಲ.

ಅವರಿಗೆ ನಾನು ಎದುರಿಗೆ ನಿಂತುಕೊಂಡು ಹೇಳಿಕೊಟ್ಟೆ. ನನ್ನ ಬಲಗೈ ಅವರ ಎಡಗೈಗೆ ಎದುರಾಗುತ್ತದಲ್ಲ, ಕನ್ನಡಿ ನೋಡಿಕೊಂಡ ಹಾಗೆ ಮಾಡಲಿ ಎಂದು ಬಲಗೈಯನ್ನೇ ಮುಂದಕ್ಕೆ, ಪಕ್ಕಕ್ಕೆ, ಸುತ್ತಲೂ ಆಡಿಸಿ ತೋರಿಸಿದೆ. ಕೈ ಏಳದಿದ್ದರೆ ಇನ್ನೊಂದು ಕೈಯ ಆಸರೆ ಕೊಡಿ ಎಂದೂ ಹೇಳಿದೆ. ಅವರು ತಲೆದೂಗಿದರು. ಆಮೇಲೆ ಜೀಪು ಕೆಟ್ಟು, ನನಗೂ ಜ್ವರ ಬಂದು, ನಾಲ್ಕು ಮಂಗಳವಾರ ಪಾಂಡವಪುರಕ್ಕೆ ಹೋಗಲಾಗಲಿಲ್ಲ.

ಐದನೆಯ ವಾರ ಅವರು ಹೆಂಡತಿಯ ಜೊತೆ ಬಂದರು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಇಪ್ಪತ್ತು ಸಲ, ಒಂದೂ ಬಿಟ್ಟಿಲ್ಲ ಎಂದರು. ಕೈ ತೋರಿಸಿ ಅಂದೆ. ಅವರು ಬಲಗೈಯನ್ನು ಮುಂದಕ್ಕೆತ್ತಿದರು, ಪಕ್ಕಕ್ಕೆತ್ತಿದರು, ಗಿರ್ರನೆ ಸುತ್ತಿಸಿದರು. ಅಷ್ಟು ಚೆಂದದ ಭುಜವನ್ನು ನಾನು ಕಾಲೇಜಿನ ಪುಸ್ತಕದಲ್ಲೂ ನೋಡಿರಲಿಲ್ಲ. ಎಡಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು.

"ನೀವು ಬಲಗೈನೇ ಅಲ್ವಾ ಮೇಡಂ ಎತ್ತಿ ತೋರ್ಸಿದ್ದು" ಎಂದರು ಅವರು. ಧ್ವನಿಯಲ್ಲಿ ದೂರು ಇರಲಿಲ್ಲ. ಸರಿಯಾಗಿ ಮಾಡಿದ್ದೇನೆ ಎಂಬ ಸಮಾಧಾನವೇ ಇತ್ತು.

ತಪ್ಪು ನನ್ನದು. ಮೈಯ ವಿಚಾರದಲ್ಲಿ ಎಡ ಬಲ ಅಂದರೆ ರೋಗಿಯ ಎಡ ಬಲ ಎನ್ನುವುದು ನಾವು ಕಲಿಯುವ ಮೊದಲ ಮಾತು. ನಾನು ಅದನ್ನು ಕಲಿತಿದ್ದೆ, ಅವರಿಗೆ ಹೇಳಿರಲಿಲ್ಲ. ಲಕ್ವ ಹೊಡೆದ ಮೊದಲ ತಿಂಗಳುಗಳು ಎಷ್ಟು ಬೆಲೆಯುಳ್ಳವು ಎಂದು ನನಗೆ ಗೊತ್ತಿತ್ತು. ಅದರಲ್ಲಿ ಒಂದು ತಿಂಗಳು ನನ್ನಿಂದ ಹೋಯಿತು. ಇದನ್ನು ಅವರಿಬ್ಬರಿಗೂ ಬಿಡಿಸಿ ಹೇಳಿ, ತಪ್ಪಾಯಿತು ಎಂದೆ. ಅವತ್ತಿನಿಂದ ಎದುರಿಗೆ ನಿಲ್ಲುವುದನ್ನು ಬಿಟ್ಟು ಪಕ್ಕದಲ್ಲಿ ಕೂತು, ಅವರ ಎಡಗೈಯನ್ನೇ ಹಿಡಿದು ಹೇಳಿಕೊಟ್ಟೆ. ವರ್ಷದ ಕೊನೆಗೆ ಆ ಕೈ ಕಾಫಿ ಲೋಟ ಹಿಡಿಯುವಷ್ಟಾಯಿತು. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಆ ಕಳೆದ ತಿಂಗಳ ಲೆಕ್ಕ ನನ್ನ ಮನಸ್ಸಿನಲ್ಲಿ ಇದ್ದೇ ಇದೆ.

ತಪ್ಪು ಗೊತ್ತಾದ ದಿನವೇ ನಾನು ಅವರ ಹೆಂಡತಿಯನ್ನು ಕೇಳಿದೆ, ಎಡಗೈಗೆ ಬಂದ ಕಾಯಿಲೆಗೆ ಬಲಗೈ ಆಡಿಸುತ್ತಿದ್ದಾರಲ್ಲ, ನಿಮಗೂ ಅನುಮಾನ ಬರಲಿಲ್ಲವೇ ಎಂದು.

"ಬಂತು ಕಣವ್ವ, ಕೇಳ್ದೆ. ಅದಕ್ಕೆ ಇವ್ರು, ನಿಂಗೇನ್ ಗೊತ್ತು ಸುಮ್ನಿರು, ತಲೆನೋವು ಅಂತ ಡಾಕ್ಟ್ರತ್ರ ಓದ್ರೆ ಸೂಜಿ ಎಲ್ಲಿಗ್ ಚುಚ್ತಾರೆ ಅಂದ್ರು. ನಂಗೂ ಸರಿ ಅನ್ನುಸ್ತು."

ಹನ್ನೆರಡು ಹೆಜ್ಜೆ

ಕೆ.ಆರ್. ಪೇಟೆಯಲ್ಲಿ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಮಗಳು ಬರುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಮಗುವಾಗಿದ್ದಾಗ ಬಂದ ಪೋಲಿಯೋದಿಂದ ಬಲಗಡೆಯ ಸೊಂಟದ ಸ್ನಾಯುಗಳು ಸೋತಿದ್ದವು. ನಡೆಯುವಾಗ ಪ್ರತಿ ಹೆಜ್ಜೆಗೂ ಮೈ ಬಲಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು.

ಒಂದು ಬುಧವಾರ ಅವಳ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಮೂರು ವಾರದಲ್ಲಿ ಹೆಣ್ಣು ನೋಡಲು ಬರುತ್ತಾರೆ. ಅಡಿಗೆಮನೆಯಿಂದ ಹಜಾರಕ್ಕೆ ಹನ್ನೆರಡು ಹೆಜ್ಜೆ, ತಾವೇ ಎಣಿಸಿದ್ದಾರೆ. ಆ ಹನ್ನೆರಡು ಹೆಜ್ಜೆ ಮಾತ್ರ ಮಗಳು ವಾಲದೆ ನಡೆಯುವ ಹಾಗೆ ಮಾಡಿಕೊಡಬೇಕು. ಆಮೇಲೆ ಅವಳು ಚಾಪೆಯ ಮೇಲೆ ಕೂತುಬಿಡುತ್ತಾಳೆ. ಸತ್ತ ಸ್ನಾಯುವಿಗೆ ಜೀವ ತುಂಬಲು ನನ್ನಿಂದ ಆಗುವುದಿಲ್ಲ, ಸೋತ ಸೊಂಟದ ಎದುರು ಬದಿಯ ಎಡಗೈಗೆ ಒಂದು ಕೋಲು ಕೊಟ್ಟರೆ ವಾಲುವುದು ಕಡಿಮೆಯಾಗುತ್ತದೆ ಅಷ್ಟೇ ಎಂದೆ. ಕೋಲು ಅಂದ ಕೂಡಲೇ ತಾಯಿ ಕಣ್ಣೊರೆಸಿಕೊಂಡರು. ಅದನ್ನು ನೋಡಿ ನಾನೂ ಸೋತೆ. ಎರಡು ವಾರ ಅವಳನ್ನು ನಿಧಾನವಾಗಿ, ಮೈ ಬಿಗಿಹಿಡಿದು ನಡೆಸಿದೆ. ಹನ್ನೆರಡು ಹೆಜ್ಜೆ ಎಣಿಸಿದೆ. ಅವಳು ಬೆವೆತುಹೋಗುತ್ತಿದ್ದಳು.

ಎರಡನೆಯ ಬುಧವಾರ ಮುಗಿಸಿ ಕೂತಾಗ ಅವಳು ಕೇಳಿದಳು. "ಮೇಡಂ, ಹನ್ನೆರಡು ಹೆಜ್ಜೆ ಮುಚ್ಚಿಡ್ತೀನಿ. ಹದಿಮೂರನೇದು ಏನ್ ಮಾಡ್ಲಿ?"

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಚಪ್ಪಲಿ ಹಾಕಿಕೊಂಡು ತನ್ನ ನಡಿಗೆಯಲ್ಲೇ ಹೊರಟುಹೋದಳು. ಮೂರನೆಯ ವಾರ ಬರಲಿಲ್ಲ.

ನಾಲ್ಕನೆಯ ವಾರ ಬಂದು, ಸಂಬಂಧ ಕೂಡಿತು ಎಂದು ಹೇಳಿದಳು. ಹೇಗೆ ಎನ್ನುವುದನ್ನು ನಗದೆ ಹೇಳಿದಳು. ಅವಳು ಕಾಫಿ ತಟ್ಟೆ ಹಿಡಿದು, ವಾಲಿಕೊಂಡೇ ನಡೆದುಬಂದು, ಒಂದು ತೊಟ್ಟೂ ಚೆಲ್ಲದೆ ಎಲ್ಲರಿಗೂ ಕೊಟ್ಟಳಂತೆ. ತಾಯಿ ಅಡಿಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದರಂತೆ. ಇವಳು ತಟ್ಟೆ ಕೆಳಗಿಟ್ಟು ಅಪ್ಪನಿಗೆ, ನನ್ನ ನಡಿಗೆ ಅವರು ನೋಡಾಯಿತು, ಅವರ ಹುಡುಗನೂ ನಾಲ್ಕು ಹೆಜ್ಜೆ ನಡೆಯಲಿ ಎಂದಳಂತೆ. ಗಂಡಿನ ತಾಯಿಗೆ ಮುಖ ಕೆಂಪಾಯಿತು. ಆದರೆ ಹುಡುಗ ಎದ್ದ. ಒಂದು ಗಂಟೆಯಿಂದ ಅಲುಗಾಡದೆ ಚಕ್ಕಂಬಕ್ಕಳ ಹಾಕಿ ಕೂತಿದ್ದನಲ್ಲ, ಎಡಗಾಲು ಜೋಮು ಹಿಡಿದಿತ್ತು. ಮೊದಲ ಹೆಜ್ಜೆಗೇ ಮುಗ್ಗರಿಸಿದ. ಗೋಡೆ ಹಿಡಿದುಕೊಂಡು, ಕಾಲೆಳೆದುಕೊಂಡು, ಇವಳಿಗಿಂತ ಹೆಚ್ಚಾಗಿ ವಾಲುತ್ತ ನಾಲ್ಕೂ ಹೆಜ್ಜೆ ನಡೆದು ಮುಗಿಸಿ, ಇವಳ ಎದುರಿಗೆ ನಿಂತು ತಲೆಯೆತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಪ್ಪಿಗೆ ಆದದ್ದು ಆಗಲೇ ಎಂದು ಅವಳು ಹೇಳಿದಳು.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ, ಕಣ್ಣು ಮಂಜಾದ ಇವಳ ಅಜ್ಜಿ ತಾಯಿಯನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವ ಹಾಗೆ ಗುಟ್ಟು ಹೇಳಿದರಂತೆ.

"ನಾವಾದ್ರೂ ಮುಚ್ಚುಮರೆ ಇಲ್ದಂಗೆ ತೋರ್ಸುದ್ವಿ. ಇವ್ರು ನೋಡು, ಕುಂಟ್ನ ಕೂರ್ಸಿ ತೋರುಸ್ತಾವ್ರೆ. ಇಚಾರ್ಸು."

ಇಲ್ಲ ಅನ್ನಲಾಗದ ಕತ್ತು

ನಾಗಮಂಗಲದಲ್ಲಿ ನಮಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಕೋಣೆ. ಕಾಲುನೋವಿನವರೆಲ್ಲ ಹದಿನೆಂಟು ಮೆಟ್ಟಿಲು ಹತ್ತಿ ಬಂದು ಕಾಲುನೋವು ಎನ್ನುತ್ತಿದ್ದರು.

ಅಲ್ಲಿಗೆ ಒಬ್ಬ ಗುಮಾಸ್ತರು ಬಂದರು. ಯಾವ ಕಚೇರಿ ಎಂದು ಹೇಳುವುದು ಬೇಡ, ಜನ ಅರ್ಜಿ ಹಿಡಿದು ಬರುವ ಕಚೇರಿ. ಐವತ್ತರ ಸುಮಾರಿನ ಮನುಷ್ಯ, ಬಾಯಲ್ಲಿ ಸದಾ ಎಲೆಅಡಿಕೆ. ಒಂದು ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ಅಳೆದು ನೋಡಿದೆ. ತಲೆ ಮುಂದಕ್ಕೆ ಬಾಗುತ್ತಿತ್ತು, ಪಕ್ಕಕ್ಕೆ ಒಂದಿಷ್ಟು ವಾಲುತ್ತಿತ್ತು. ಎಡಕ್ಕೆ ಬಲಕ್ಕೆ ತಿರುಗಿಸಲು ಹೋದರೆ ಮಾತ್ರ ಕಿವಿಯಿಂದ ಭುಜದವರೆಗೆ ಚುಳುಕ್ ಎನ್ನುತ್ತಿತ್ತು. ಅವರು ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದು ಒಂದೇ ಒಂದು ಮಾತು ಕೇಳಿದರು, ಇದರಿಂದ ಕೈಕಾಲು ಬಿದ್ದುಹೋಗುತ್ತವೆಯೇ ಎಂದು. ಅವರ ಅಣ್ಣನಿಗೆ ಹಾಗೆ ಆಗಿತ್ತಂತೆ. ಹಾಗೇನೂ ಆಗುವುದಿಲ್ಲ, ಬಿಸಿ ಶಾಖ ಕೊಡೋಣ, ನಿಧಾನವಾಗಿ ತಿರುಗಿಸೋಣ, ಎರಡು ಮೂರು ತಿಂಗಳಿಗೆ ಸರಿಹೋಗುತ್ತದೆ ಎಂದೆ.

ತಿಂಗಳು ಕಳೆಯುವುದರೊಳಗೆ ಡ್ರೈವರಣ್ಣ ಟೀ ಅಂಗಡಿಯಿಂದ ಸುದ್ದಿ ತಂದ. ಆ ಕಚೇರಿಯಲ್ಲಿ ಈಗ ಎಲ್ಲರ ಕೆಲಸವೂ ಆಗುತ್ತಿದೆಯಂತೆ, ಸುತ್ತಲ ಹಳ್ಳಿಗಳಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಾರಂತೆ. ನಾನು ಗುಮಾಸ್ತರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ಬಾಯಲ್ಲಿ ಎಲೆಅಡಿಕೆ ಇರುವುದರಿಂದ ಇಪ್ಪತ್ತು ವರ್ಷ ತಲೆಯಲ್ಲೇ ಉತ್ತರ ಕೊಟ್ಟಿದ್ದರು, ಹೆಚ್ಚಾಗಿ ಅಡ್ಡಡ್ಡ ಆಡಿಸಿ. ಈಗ ಅಡ್ಡ ಆಡಿಸಿದರೆ ನೋವು. ಮೇಲೆ ಕೆಳಗೆ ಆಡಿಸಿದರೆ ನೋವಿಲ್ಲ. ಮೇಲೆ ಕೆಳಗೆ ಆಡಿಸಿದ ಮೇಲೆ ಅರ್ಜಿ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಓದಬೇಕು. "ಓದಿ ನೋಡಿದ್ರೆ ಮುಕ್ಕಾಲು ಪಾಲು ಸರಿಯಾಗೇ ಇದ್ವು ಮೇಡಂ" ಎಂದು ಕಿಟಕಿಯ ಕಡೆ ನೋಡಿಕೊಂಡು ಹೇಳಿದರು.

ಹಾಗೆ ಕೆಲಸ ಆದವರಲ್ಲಿ ನನ್ನ ಹತ್ತಿರ ಮಂಡಿನೋವಿಗೆ ಬರುತ್ತಿದ್ದ ಒಬ್ಬ ಅಜ್ಜಿಯೂ ಇದ್ದರು. ಅವರ ಗಂಡ ತೀರಿಕೊಂಡಾಗ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಹೊಡೆಯುವ ಬದಲು ಇವರ ಹೆಸರು ಹೊಡೆದುಹಾಕಿದ್ದರು. ನಾನು ಬದುಕಿದ್ದೇನೆ ಎಂದು ಹೇಳಿಕೊಳ್ಳಲು ಅಜ್ಜಿ ಎರಡು ವರ್ಷ ಆ ಕಚೇರಿಗೆ ನಡೆದಿದ್ದರು. ಎರಡು ವರ್ಷವೂ ತಲೆ ಅಡ್ಡಡ್ಡ ಆಡಿತ್ತು. ಕತ್ತು ಹಿಡಿದುಕೊಂಡ ಮೂರನೆಯ ವಾರ ಅದು ಮೇಲೆ ಕೆಳಗೆ ಆಡಿ, ಅಜ್ಜಿ ಕಾಗದದಲ್ಲೂ ಬದುಕಿದರು.

ಹತ್ತನೆಯ ವಾರ ಗುಮಾಸ್ತರ ಕತ್ತು ಪೂರ್ತಿ ಬಿಟ್ಟುಕೊಂಡಿತು. ಎಡಕ್ಕೆ ತಿರುಗಿಸಿ ಎಂದೆ, ತಿರುಗಿಸಿದರು. ಬಲಕ್ಕೆ ಎಂದೆ, ತಿರುಗಿಸಿದರು. ನೋವಿದೆಯೇ ಎಂದು ಕೇಳಿದೆ. ಅವರು ಬಹಳ ದಿನದ ಮೇಲೆ, ಇಲ್ಲ ಎಂದು ತಲೆಯನ್ನು ಅಡ್ಡಡ್ಡ ಆಡಿಸಿದರು. ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಇದನ್ನು ಕಂಡು ಮಂಡಿ ಹಿಡಿದುಕೊಂಡು ಎದ್ದು ಬಂದು, ನನ್ನ ಕೈ ಹಿಡಿದುಕೊಂಡರು.

"ಡಾಕ್ಟ್ರವ್ವ, ನನ್ ಕೆಲ್ಸ ಆಯ್ತು. ಆದ್ರೆ ನಮ್ ಸೊಸೆದು ಒಂದರ್ಜಿ ಅಂಗೇ ಐತೆ. ಇನ್ನೊಂದೆಂಟು ದಿನ ಆ ಕತ್ತ ಇಡ್ಕಂಡಿದ್ದಂಗೇ ಬುಡಕ್ಕಾಯ್ತದಾ?"

ಗುಮಾಸ್ತರು ಅಜ್ಜಿಯ ಕಡೆ ನೋಡಿದರು. ಆಮೇಲೆ ಎದ್ದು ಹೊರಗೆ ಹೋಗಿ, ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಒಳಗೆ ಬಂದು ಅವರ ಮುಂದೆ ನಿಂತರು.

"ಅದೆಲ್ಲ ಬೇಡ ಅಜ್ಜಿ. ನಾಳೆ ಅರ್ಜಿ ಕೊಟ್ಟು ಕಳ್ಸಿ, ನಾನೇ ಓದಿ ನೋಡ್ತೀನಿ."

ಅಜ್ಜಿ ಅವರ ಬಾಯನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗೌರವದಿಂದ ಕೇಳಿದರು.

"ಇವ್ರು ಮೂಗ್ರು ಅಂದ್ಕಂಡಿದ್ದೆ ಕಣವ್ವ. ಅದ್ನೂ ನೀನೇ ವಾಸಿ ಮಾಡ್ದಾ?"